ಸಲಹೆಯ ಬೆನ್ನಿಗೆ ಬರುವ ಕ್ರಿಯಾಪದ

ಮಾನ್ಯ ಅಧ್ಯಕ್ಷರೆ, ತಮ್ಮ ತಂದೆಯವರ ನೆನಪಿಗಾಗಿ ಈ ದತ್ತಿಯನ್ನು ಇರಿಸಿದ ಕುಟುಂಬದವರೆ, ಅಹಮದಾಬಾದ್, ವಡೋದರಾ, ಸೂರತ್‌ಗಳಿಂದ ಬಂದು ಸೇರಿರುವ ಕನ್ನಡ ಬಂಧುಗಳೆ,

ಭಾಷಾಬೋಧನೆಗೆ ಸಂಬಂಧಪಟ್ಟ ಯಾವ ವಿಷಯವನ್ನಾದರೂ ಆರಿಸಿಕೊಳ್ಳಬಹುದು ಎಂದು ದತ್ತಿಯವರು ನನಗೆ ಸ್ವಾತಂತ್ರ್ಯ ಕೊಟ್ಟಿದ್ದರು. ನಾನು ಆರಿಸಿಕೊಂಡದ್ದು ಬಹಳ ಸಣ್ಣದಾಗಿ ಕಾಣುವ ವಿಷಯ. ಇಂಗ್ಲಿಷಿನಲ್ಲಿ ಸಜೆಸ್ಟ್, ರೆಕಮೆಂಡ್, ಅಡ್ವೈಸ್, ಇನ್ಸಿಸ್ಟ್, ಡಿಮ್ಯಾಂಡ್ ಎಂಬ ಮಾತುಗಳು ಬಂದ ಮೇಲೆ ಮುಂದಿನ ಕ್ರಿಯಾಪದ ಯಾವ ರೂಪದಲ್ಲಿರಬೇಕು? ‘ವೈದ್ಯರು ಅವನಿಗೆ ವಿಶ್ರಾಂತಿ ತೆಗೆದುಕೊಳ್ಳುವಂತೆ ಸಲಹೆ ಮಾಡಿದರು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ದ ಡಾಕ್ಟರ್ ರೆಕಮೆಂಡೆಡ್ ದಟ್ ಹಿ’ ಎನ್ನುವವರೆಗೆ ನಮ್ಮ ಮಕ್ಕಳು ಸಲೀಸಾಗಿ ಬರುತ್ತಾರೆ. ಅಲ್ಲಿ ನಿಲ್ಲುತ್ತಾರೆ. ಟೇಕ್ಸ್ ಎನ್ನಬೇಕೆ, ಟುಕ್ ಎನ್ನಬೇಕೆ, ಟು ಟೇಕ್ ಎನ್ನಬೇಕೆ? ಸರಿಯಾದದ್ದು ಟೇಕ್. ಕಾಲದ ಗುರುತಿಲ್ಲದ, ‘ಎಸ್’ ಇಲ್ಲದ, ಬರಿಯ ಧಾತು.

ಈ ಮೂರು ನಗರಗಳ ಕೋಚಿಂಗ್ ತರಗತಿಗಳಲ್ಲಿ ಇದನ್ನು ಒಂದು ಅಪವಾದವೆಂದು ಕಲಿಸುತ್ತಾರೆ. ಕೆಲವು ಕ್ರಿಯಾಪದಗಳ ಪಟ್ಟಿ ಕೊಟ್ಟು, ಇವುಗಳ ನಂತರ ‘ಎಸ್’ ಹಾಕಬೇಡಿ, ಕಾರಣ ಕೇಳಬೇಡಿ, ಬಾಯಿಪಾಠ ಮಾಡಿ ಎನ್ನುತ್ತಾರೆ. ನಾನು ಈ ಸಂಜೆ ವಾದಿಸಬೇಕೆಂದಿರುವುದು ಇಷ್ಟು: ಇದು ಅಪವಾದವಲ್ಲ, ಇದಕ್ಕೆ ಕಾರಣವಿದೆ, ಆ ಕಾರಣ ಕನ್ನಡದ ಮಗುವಿಗೂ ಗುಜರಾತಿನ ಮಗುವಿಗೂ ಶಾಲೆಗೆ ಹೋಗುವ ಮೊದಲೇ ಗೊತ್ತಿರುತ್ತದೆ. ಮಗುವಿನ ಮನೆಮಾತನ್ನು ತರಗತಿಯಿಂದ ಹೊರಗಿಟ್ಟು ಇಂಗ್ಲಿಷ್ ಕಲಿಸಲು ಹೊರಟದ್ದರಿಂದ ಆ ತಿಳಿವಳಿಕೆ ವ್ಯರ್ಥವಾಗುತ್ತಿದೆ.

ಮೊದಲು ಕನ್ನಡವನ್ನೇ ನೋಡೋಣ. ‘ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ, ಅವರು ಹೋಗುತ್ತಾರೆ, ಅದು ಹೋಗುತ್ತದೆ.’ ನಡೆಯುವುದನ್ನು ಹೇಳುವಾಗ ಕ್ರಿಯಾಪದದ ಬಾಲ ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ. ಈಗ ಅದೇ ಕೆಲಸವನ್ನು ನಾವು ಬಯಸುತ್ತೇವೆ, ಕೋರುತ್ತೇವೆ, ವಿಧಿಸುತ್ತೇವೆ ಎನ್ನಿ. ‘ಅವನು ಹೋಗಲಿ, ಅವಳು ಹೋಗಲಿ, ಅವರು ಹೋಗಲಿ, ಅದು ಹೋಗಲಿ.’ ಬಾಲ ಬಿದ್ದುಹೋಯಿತು. ಗಂಡು ಹೆಣ್ಣು, ಏಕವಚನ ಬಹುವಚನ ಎಲ್ಲಕ್ಕೂ ಒಂದೇ ರೂಪ. ಕಾಲವೂ ಇಲ್ಲ. ‘ಅವನು ಹೋಗಲಿ ಎಂದು ನಿನ್ನೆ ಸೂಚಿಸಿದರು’ ಎಂಬಲ್ಲಿ ಸೂಚನೆ ನಿನ್ನೆಯದು, ಆದರೆ ‘ಹೋಗಲಿ’ ಭೂತಕಾಲಕ್ಕೆ ತಿರುಗುವುದಿಲ್ಲ. ನಮ್ಮ ಪತ್ರಿಕೆಗಳು ದಿನವೂ ಬಳಸುವ ‘ವಂತೆ’ ಪ್ರಯೋಗವೂ ಹೀಗೆಯೇ. ‘ನೀರನ್ನು ಮಿತವಾಗಿ ಬಳಸುವಂತೆ ಆಯುಕ್ತರು ಮನವಿ ಮಾಡಿದರು.’ ಬಳಸುವವರು ಒಬ್ಬರೋ ಊರೆಲ್ಲವೋ, ಮನವಿ ಇಂದಿನದೋ ಕಳೆದ ವರ್ಷದ್ದೋ, ‘ಬಳಸುವಂತೆ’ ಎಂಬುದು ಕದಲುವುದಿಲ್ಲ. ನಿಷೇಧಕ್ಕೂ ಇದೇ ಬಗೆ: ‘ಹೊರಗೆ ಹೋಗದಂತೆ ಹೇಳಿದರು.’

ಇನ್ನು ಗುಜರಾತಿ. ನಿಮ್ಮಲ್ಲಿ ಬಹುಪಾಲು ಜನ ಅದನ್ನು ನನಗಿಂತ ಚೆನ್ನಾಗಿ ಆಡಬಲ್ಲಿರಿ. ‘ತೇ ಆರಾಮ್ ಕರೇ ಛೇ’ ಎಂದರೆ ಅವನು ವಿಶ್ರಾಂತಿ ತೆಗೆದುಕೊಳ್ಳುತ್ತಾನೆ, ಅದು ನಡೆಯುತ್ತಿರುವ ಸಂಗತಿ. ‘ಡಾಕ್ಟರೇ ಸಲಾಹ್ ಆಪೀ ಕೇ ತೇ ಆರಾಮ್ ಕರೇ’ ಎಂದಾಗ ‘ಛೇ’ ಮಾಯ. ಸಂಗತಿಯನ್ನು ಸಂಗತಿಯೆಂದು ಸಾರುವ ಆ ಪುಟ್ಟ ‘ಛೇ’ ಅನ್ನು ಗುಜರಾತಿಯವರು ಸಲಹೆಯ ಬೆನ್ನಿಗೆ ಇಡುವುದೇ ಇಲ್ಲ. ಇಂಗ್ಲಿಷ್ ಟೇಕ್ಸ್‌ನ ‘ಎಸ್’ ಬಿಡುವುದೂ ಅದೇ ಕಾರಣಕ್ಕೆ. ಸೂರತ್ತಿನ ವರಾಛಾದ ಹುಡುಗನಿಗೆ ‘ನಿನ್ನ ಮಾತಿನಲ್ಲಿ ಛೇ ಬೀಳುವ ಕಡೆ ಇಂಗ್ಲಿಷಿನಲ್ಲಿ ಎಸ್ ಬೀಳುತ್ತದೆ’ ಎಂದು ಒಂದೇ ವಾಕ್ಯ ಹೇಳಿದರೆ ಸಾಕು, ಆ ಪಟ್ಟಿಯಲ್ಲಿ ಮುಕ್ಕಾಲು ಭಾಗವನ್ನು ಅವನು ಬಾಯಿಪಾಠ ಮಾಡಬೇಕಿಲ್ಲ.

ಇಂಗ್ಲಿಷಿನೊಳಗೇ ಇದಕ್ಕೆ ಎಲ್ಲರೂ ಬಲ್ಲ ಸಾಕ್ಷಿಯಿದೆ. ಯಾರಾದರೂ ಸೀನಿದಾಗ ‘ಗಾಡ್ ಬ್ಲೆಸ್ ಯು’ ಎನ್ನುತ್ತೇವೆ. ಗಾಡ್ ಏಕವಚನ, ಪ್ರಥಮಪುರುಷ. ಶಾಲೆಯ ನಿಯಮದಂತೆ ಬ್ಲೆಸ್ಸಸ್ ಆಗಬೇಕಿತ್ತು. ಆಗಿಲ್ಲ, ಏಕೆಂದರೆ ಅಲ್ಲಿ ವರದಿಯಿಲ್ಲ, ಹಾರೈಕೆಯಿದೆ. ಕನ್ನಡದಲ್ಲಿ ‘ದೇವರು ಒಳ್ಳೆಯದು ಮಾಡಲಿ’. ಗುಜರಾತಿಯಲ್ಲಿ ‘ಭಗವಾನ್ ಭಲುಂ ಕರೇ’, ಇಲ್ಲಿಯೂ ಛೇ ಇಲ್ಲ. ಮರಾಠಿಯಲ್ಲಿ ‘ದೇವ ಭಲೆ ಕರೋ’. ನಾಲ್ಕು ಭಾಷೆಗಳಲ್ಲಿ ನಾಲ್ವರು ಅಜ್ಜಿಯರು ಮೊಮ್ಮಕ್ಕಳ ತಲೆ ಸವರುತ್ತ ಆಡುವ ಮಾತು ಇದು. ವೈದ್ಯರ ಶಿಫಾರಸಿನ ವಾಕ್ಯವೂ ಈ ಹಾರೈಕೆಯ ವಾಕ್ಯವೂ ಒಂದೇ ಕುಲದವು.

ನಮ್ಮ ವೈಯಾಕರಣರು ಈ ಕುಲವನ್ನು ಬಹು ಹಿಂದೆಯೇ ಗುರುತಿಸಿದ್ದಾರೆ. ಪಾಣಿನಿ ಲಿಙ್ ಎಂಬ ರೂಪ ಬರುವ ಸಂದರ್ಭಗಳನ್ನು ಒಂದೇ ಸೂತ್ರದಲ್ಲಿ ಹೇಳುವಾಗ ಆಜ್ಞೆ, ನಿಮಂತ್ರಣ, ಸವಿನಯ ಕೋರಿಕೆ, ಪ್ರಾರ್ಥನೆ ಮೊದಲಾದ ಆರು ಅರ್ಥಗಳನ್ನು ಒಟ್ಟಿಗೆ ಇಡುತ್ತಾನೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡದ ವಿಧಿರೂಪಗಳನ್ನು ನಿರೂಪಿಸುತ್ತಾನೆ. ಹಳಗನ್ನಡದ ‘ಅಕ್ಕೆ’ ಇಂದು ನಮ್ಮ ಬಾಯಲ್ಲಿ ‘ಆಗಲಿ’. ಶಾಲೆಯ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ನಾವೆಲ್ಲ ಓದಿದ್ದೇವೆ. ಆ ಪಾಠ ಮುಗಿದು ಮುಂದಿನ ಪೀರಿಯಡ್ಡಿಗೆ ಇಂಗ್ಲಿಷ್ ಶಿಕ್ಷಕರು ಬರುತ್ತಾರೆ. ಎರಡು ಪಾಠಗಳಿಗೂ ನಂಟಿದೆ ಎಂದು ಯಾರೂ ಹೇಳುವುದಿಲ್ಲ. ವ್ಯಾಕರಣವನ್ನು ಹೀಗೆ ಭಾಷೆಗೊಂದು ಕೋಣೆಯಂತೆ ಕಟ್ಟಿ ನಡುವೆ ಗೋಡೆ ಎಬ್ಬಿಸಿದ್ದು ನಮ್ಮ ಶಾಲೆಗಳು ಮಾಡಿದ ದೊಡ್ಡ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಹಾಗೆಂದು ಎಲ್ಲವೂ ಒಂದಕ್ಕೊಂದು ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಮನೆಮಾತು ದಾರಿ ತಪ್ಪಿಸುವ ಕಡೆಯೂ ಇದೆ. ಮುಖ್ಯವಾದದ್ದು ‘ಸಜೆಸ್ಟೆಡ್ ಮಿ ಟು ಗೋ’ ಎಂಬುದು. ‘ನನಗೆ ಹೋಗಲು ಸೂಚಿಸಿದರು’ ಎಂಬ ಕನ್ನಡ ವಾಕ್ಯ ಸರಿಯಾಗಿದೆ, ಅದನ್ನು ಪದಕ್ಕೆ ಪದ ಇಟ್ಟರೆ ಇಂಗ್ಲಿಷ್ ಕೆಡುತ್ತದೆ. ಅಡ್ವೈಸ್ ಈ ಜೋಡಣೆಯನ್ನು ಒಪ್ಪುತ್ತದೆ: ‘ಅಡ್ವೈಸ್ಡ್ ಮಿ ಟು ಗೋ’. ಸಜೆಸ್ಟ್ ಒಪ್ಪುವುದಿಲ್ಲ. ಅದಕ್ಕೆ ‘ಸಜೆಸ್ಟೆಡ್ ದಟ್ ಐ ಗೋ’ ಎನ್ನಬೇಕು, ಇಲ್ಲವೇ ‘ಸಜೆಸ್ಟೆಡ್ ಗೋಯಿಂಗ್’ ಎನ್ನಬೇಕು. ರೆಕಮೆಂಡ್ ಕೂಡ ದಟ್ ಅಥವಾ ಇಂಗ್ ರೂಪದ ಜೊತೆ ಬಂದರೆ ಎಲ್ಲೆಡೆ ಸಲ್ಲುತ್ತದೆ. ಇನ್ಸಿಸ್ಟ್‌ಗೆ ಆನ್ ಬೇಕು, ಆಮೇಲೆ ಇಂಗ್. ಇಲ್ಲವೇ ದಟ್ ಹಾಕಿ ಬರಿಯ ಧಾತು. ಯಾವ ಕ್ರಿಯಾಪದ ಯಾವ ಜೊತೆಯನ್ನು ಒಪ್ಪುತ್ತದೆ ಎಂಬುದನ್ನು ಮಾತ್ರ ಬಳಕೆಯಿಂದಲೇ ಕಲಿಯಬೇಕು. ಇಲ್ಲಿ ಪಟ್ಟಿ ಬೇಕೇ ಬೇಕು. ದಟ್ ಬಂದ ಮೇಲಿನ ರೂಪಕ್ಕೆ ಮಾತ್ರ ಬೇಡ.

ಇನ್ನೊಂದು ತೊಡಕು ನಿಷೇಧದ್ದು. ‘ಅವನು ಪ್ರಯಾಣ ಮಾಡದಂತೆ ವೈದ್ಯರು ಹೇಳಿದರು’ ಎಂಬುದಕ್ಕೆ ‘ರೆಕಮೆಂಡೆಡ್ ದಟ್ ಹಿ ನಾಟ್ ಟ್ರಾವೆಲ್’ ಎನ್ನಬೇಕು. ಡಸ್ ನಾಟ್, ಡಿಡ್ ನಾಟ್ ಎರಡೂ ಬರುವುದಿಲ್ಲ. ಮೊದಲ ಸಲ ಕೇಳಿದಾಗ ಅರೆಬರೆ ಇಂಗ್ಲಿಷಿನಂತೆ ತೋರುವುದರಿಂದ ಬಲ್ಲವರೂ ಅಂಜುತ್ತಾರೆ. ಕರ್ಮಣಿಯಲ್ಲಿ ‘ಬಿ’ ಬರುತ್ತದೆ: ‘ದಟ್ ಹಿ ಬಿ ಅಡ್ಮಿಟೆಡ್’. ಈಸ್ ಅಲ್ಲ, ವಾಸ್ ಅಲ್ಲ. ಇಟ್ ಈಸ್ ಎಸೆನ್ಷಿಯಲ್, ಇಟ್ ಈಸ್ ನೆಸೆಸರಿ ಎಂಬ ಮಾತುಗಳ ನಂತರವೂ ಇದೇ ಕ್ರಮ.

ಒಂದು ಎಸ್ ಉಳಿದರೆ ಹೋಗುವುದೇನು ಎಂದು ಕೇಳುವವರಿದ್ದಾರೆ. ಹೋಗುವುದು ಅರ್ಥ. ‘ಷಿ ಇನ್ಸಿಸ್ಟ್ಸ್ ದಟ್ ಹಿ ಟೇಕ್ಸ್ ಹಿಸ್ ಮೆಡಿಸಿನ್’ ಎಂದರೆ ಅವನು ಔಷಧ ತೆಗೆದುಕೊಳ್ಳುತ್ತಿದ್ದಾನೆ, ಅದು ನಿಜ ಎಂದು ಅವಳು ಒತ್ತಿ ಹೇಳುತ್ತಿದ್ದಾಳೆ. ‘ಟೇಕ್’ ಎಂದರೆ ಅವನು ತೆಗೆದುಕೊಳ್ಳಲೇಬೇಕು ಎಂದು ಒತ್ತಾಯಿಸುತ್ತಿದ್ದಾಳೆ, ಬಹುಶಃ ಅವನು ತೆಗೆದುಕೊಳ್ಳುತ್ತಿಲ್ಲ. ರೋಗಿಯ ಹಾಸಿಗೆಯ ಬಳಿ ನಿಂತ ದಾದಿಗೆ ಈ ಎರಡು ವಾಕ್ಯಗಳು ಒಂದೇ ಅಲ್ಲ. ಸಜೆಸ್ಟ್ ಕೂಡ ಇಂಥದೇ. ‘ದ ಎಕ್ಸ್‌ರೇ ಸಜೆಸ್ಟ್ಸ್ ದಟ್ ಹಿ ಹ್ಯಾಸ್ ಟಿಬಿ’ ಎಂಬಲ್ಲಿ ಎಕ್ಸ್‌ರೇ ಸಲಹೆ ಕೊಡುತ್ತಿಲ್ಲ, ಇರುವುದನ್ನು ತೋರುತ್ತಿದೆ. ಹಾಗಾಗಿ ಹ್ಯಾಸ್ ಸರಿ. ‘ದ ಡಾಕ್ಟರ್ ಸಜೆಸ್ಟ್ಸ್ ದಟ್ ಹಿ ಹ್ಯಾವ್ ಆನ್ ಎಕ್ಸ್‌ರೇ’ ಎಂಬಲ್ಲಿ ಹ್ಯಾವ್ ಸರಿ. ಪಟ್ಟಿ ಬಾಯಿಪಾಠ ಮಾಡಿದ ಹುಡುಗ ಸಜೆಸ್ಟ್ ಕಂಡ ಕೂಡಲೇ ಮೊದಲ ವಾಕ್ಯದಲ್ಲೂ ಹ್ಯಾವ್ ಹಾಕುತ್ತಾನೆ. ‘ಇದೆ’ ಮತ್ತು ‘ಇರಲಿ’ ಎರಡರ ಭೇದ ಗೊತ್ತಿರುವ ಹುಡುಗ ಹಾಗೆ ಮಾಡುವುದಿಲ್ಲ. ಕನ್ನಡ ಬಲ್ಲ ಪ್ರತಿ ಮಗುವಿಗೂ ಆ ಭೇದ ಗೊತ್ತು.

ಇಂಗ್ಲಿಷರೇ ಈ ರೂಪದ ಬಗ್ಗೆ ಒಮ್ಮೆ ಆಸೆ ಬಿಟ್ಟಿದ್ದರು. 1926ರಲ್ಲಿ ಪ್ರಕಟವಾದ ಫೌಲರ್‌ನ ಪ್ರಸಿದ್ಧ ಬಳಕೆಯ ನಿಘಂಟು ಇದು ಸಾಯುತ್ತಿರುವ ರೂಪ ಎಂಬ ಭಾವನೆಯಲ್ಲೇ ಬರೆಯಿತು. ಆಗ ಬ್ರಿಟನ್ನಿನಲ್ಲಿ ‘ದಟ್ ಹಿ ಶುಡ್ ಟೇಕ್’ ಎಂಬುದೇ ರೂಢಿ, ನಮ್ಮ ಹಿಂದಿನ ತಲೆಮಾರಿನ ಶಿಕ್ಷಕರು ಕಲಿಸಿದ್ದೂ ಅದನ್ನೇ. ಅಮೆರಿಕದಲ್ಲಿ ಮಾತ್ರ ಬರಿಯ ಧಾತು ಗಟ್ಟಿಯಾಗಿ ಉಳಿದು ಬೆಳೆಯಿತು, ಅಲ್ಲಿಂದ ಬ್ರಿಟನ್ನಿಗೂ ಮರಳಿತು. ಶುಡ್ ಹಾಕಿದರೆ ಇಂದಿಗೂ ತಪ್ಪಲ್ಲ. ಅನುಮಾನ ಬಂದ ವಿದ್ಯಾರ್ಥಿಗೆ ನಾನು ಅದನ್ನೇ ಹೇಳುತ್ತೇನೆ.

ಭಾರತದಲ್ಲಿ ಈ ರೂಪ ಸತ್ತೇ ಇರಲಿಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸಿಲ್ಲ. ಅದು ಕಚೇರಿಯಲ್ಲಿ ಬದುಕಿತ್ತು. ಅಹಮದಾಬಾದಿನ ಹತ್ತಿಗಿರಣಿಗಳ ನಿರ್ದೇಶಕ ಮಂಡಳಿಗಳು, ಸೂರತ್ತಿನ ಸಹಕಾರಿ ಬ್ಯಾಂಕುಗಳು, ನಮ್ಮ ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಗಳು ಇಂಗ್ಲಿಷಿನಲ್ಲಿ ಠರಾವು ಬರೆದಾಗಲೆಲ್ಲ ‘ರಿಸಾಲ್ವ್ಡ್ ದಟ್ ದ ಅಕೌಂಟ್ಸ್ ಬಿ ಅಡಾಪ್ಟೆಡ್’ ಎಂದೇ ಬರೆದವು. ಸಂಸತ್ತಿನಲ್ಲಿ ಮಸೂದೆಯ ಕೊನೆಯ ಪ್ರಸ್ತಾವ ‘ದಟ್ ದ ಬಿಲ್ ಬಿ ಪಾಸ್ಡ್’. 1949ರ ನವೆಂಬರ್ 26ರಂದು ಸಂವಿಧಾನ ಸಭೆ ಸಂವಿಧಾನವನ್ನು ಅಂಗೀಕರಿಸಿದ್ದೂ ಇದೇ ‘ಬಿ ಪಾಸ್ಡ್’ ಪ್ರಸ್ತಾವದ ಮೂಲಕ. ಗುಮಾಸ್ತರು, ಮಾಮಲೇದಾರರು, ವಕೀಲರು ತಲೆಮಾರುಗಳ ಕಾಲ ‘ಇಟ್ ಈಸ್ ರಿಕ್ವೆಸ್ಟೆಡ್ ದಟ್ ಲೀವ್ ಬಿ ಗ್ರಾಂಟೆಡ್’ ಎಂದು ಬರೆದರು. ಕಚೇರಿ ಇಂಗ್ಲಿಷನ್ನು ಹಳಸಲು ಎಂದು ಹಳಿಯುವುದು ಈಗ ಶಿಕ್ಷಿತರ ವಾಡಿಕೆ. ಅದರಲ್ಲಿ ಹಳಸಲು ಬಹಳ ಇದೆ, ನಿಜ. ಆದರೆ ಇಂದು ಕೋಚಿಂಗ್ ತರಗತಿ ಹಣ ಪಡೆದು ಕಲಿಸುವ ಈ ರೂಪವನ್ನು ತಪ್ಪಿಲ್ಲದೆ ಉಳಿಸಿಕೊಟ್ಟದ್ದು ಆ ಗುಮಾಸ್ತರ ಬರವಣಿಗೆಯೇ.

ಈ ಗುಜರಾತಿಗೂ ನಮ್ಮ ಕನ್ನಡ ನಾಡಿಗೂ ಇಂಗ್ಲಿಷ್ ಕಲಿಕೆಯ ಚರಿತ್ರೆಯಲ್ಲಿ ಒಂದು ಸಮಾನ ಅಧ್ಯಾಯವಿದೆ. ಸ್ವಾತಂತ್ರ್ಯದ ಹೊಸತರಲ್ಲಿ ಬಾಳಾಸಾಹೇಬ್ ಖೇರರ ಮುಂಬಯಿ ಸರ್ಕಾರ ಇಂಗ್ಲಿಷ್ ಕಲಿಕೆ ಎಂಟನೆಯ ತರಗತಿಯಿಂದ ಶುರುವಾಗಲಿ ಎಂದು ನಿರ್ಧರಿಸಿತು. ಆಗ ಅಹಮದಾಬಾದ್, ಸೂರತ್‌ಗಳಂತೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಮುಂಬಯಿ ಪ್ರಾಂತದಲ್ಲೇ ಇದ್ದವು. ಒಂದೇ ನಿಯಮದಡಿ ಸಾಬರಮತಿಯ ದಂಡೆಯ ಹುಡುಗನೂ ಧಾರವಾಡದ ಹುಡುಗಿಯೂ ಎಂಟನೆಯ ತರಗತಿಯಲ್ಲಿ ಎಬಿಸಿಡಿ ಹಿಡಿದರು. ಗುಜರಾತಿನಲ್ಲಿ ಈ ಧೋರಣೆ ವಿಶ್ವವಿದ್ಯಾಲಯದ ಮಟ್ಟಕ್ಕೂ ಏರಿತು. 1949ರಲ್ಲಿ ಸ್ಥಾಪನೆಯಾದ ಗುಜರಾತ್ ವಿಶ್ವವಿದ್ಯಾಲಯ ಗುಜರಾತಿಯನ್ನು ಕಾಲೇಜು ಮಾಧ್ಯಮವಾಗಿಸಲು ಹೊರಟಿತು. ಗಾಂಧೀಜಿಯ ಅನುಯಾಯಿ ಮಗನಭಾಯಿ ದೇಸಾಯಿ ಕುಲಪತಿಯಾಗಿ ಅದಕ್ಕೆ ಟೊಂಕ ಕಟ್ಟಿದರು.

ಆಗ ಬಂದದ್ದು ಗುಜರಾತ್ ವಿಶ್ವವಿದ್ಯಾಲಯ ಮತ್ತು ಶ್ರೀಕೃಷ್ಣ ರಂಗನಾಥ ಮುಧೋಳಕರ್ ನಡುವಿನ ಮೊಕದ್ದಮೆ. ಹೆಸರಿನಲ್ಲಿ ನಮ್ಮ ಮುಧೋಳವೂ ಇದೆ. ಅಹಮದಾಬಾದಿನ ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿ ಮೊದಲ ವರ್ಷವನ್ನು ಇಂಗ್ಲಿಷಿನಲ್ಲಿ ಓದಿದ ವಿದ್ಯಾರ್ಥಿಗೆ ಮುಂದೆಯೂ ಇಂಗ್ಲಿಷಿನಲ್ಲಿ ಓದಲು ಅವಕಾಶ ಸಿಗಲಿಲ್ಲ, ತಂದೆ ಹೈಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 1962ರ ಸೆಪ್ಟೆಂಬರ್ 21ರಂದು ತೀರ್ಪು ಕೊಟ್ಟಿತು. ವಿಶ್ವವಿದ್ಯಾಲಯದ ಕಾಯಿದೆ ಗುಜರಾತಿ, ಹಿಂದಿ ಮಾಧ್ಯಮಗಳ ಬಳಕೆಯನ್ನು ಪ್ರೋತ್ಸಾಹಿಸುವ ಅಧಿಕಾರ ಕೊಟ್ಟಿತ್ತು. ಪ್ರೋತ್ಸಾಹಿಸುವ ಅಧಿಕಾರದೊಳಗೆ ಅದೊಂದನ್ನೇ ಕಡ್ಡಾಯವಾಗಿ ಹೇರುವ ಅಧಿಕಾರ ಸೇರುವುದಿಲ್ಲ ಎಂದು ಬಹುಮತದ ತೀರ್ಪು ಹೇಳಿತು. ಬಹುಮತದ ಪರ ಬರೆದವರು ನ್ಯಾಯಮೂರ್ತಿ ಜೆ.ಸಿ. ಶಾ, ಸ್ವತಃ ಅಹಮದಾಬಾದಿನವರು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. ಬಯಸುವುದಕ್ಕೂ ವಿಧಿಸುವುದಕ್ಕೂ, ‘ಆಗಲಿ’ ಎಂಬ ಹಾರೈಕೆಗೂ ‘ಆಗಲೇಬೇಕು’ ಎಂಬ ಕಟ್ಟಳೆಗೂ ಇರುವ ಅಂತರವನ್ನು ದೇಶದ ಅತ್ಯುನ್ನತ ನ್ಯಾಯಾಲಯ ಒಂದು ಕ್ರಿಯಾಪದದ ಮೇಲೆ ಅಳೆದ ಪ್ರಸಂಗ ಇದು. ಕರ್ನಾಟಕ ಸರ್ಕಾರದ 1994ರ ಮಾತೃಭಾಷಾ ಮಾಧ್ಯಮದ ಆದೇಶ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದನ್ನು ಬಲ್ಲ ನಮಗೆ ಈ ತೀರ್ಪು ದೂರದ್ದಲ್ಲ.

ಮಾಧ್ಯಮದ ಜಗಳದಲ್ಲಿ ನಾನು ಯಾವ ಕಡೆ ಎಂದು ನೀವು ಕೇಳಬಹುದು. ಪ್ರಾಥಮಿಕ ಶಿಕ್ಷಣ ಮನೆಮಾತಿನಲ್ಲಿ ಆಗಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಜಗಳದ ಗದ್ದಲದಲ್ಲಿ ಒಂದು ಬೇರೆಯೇ ನಷ್ಟ ಸಂಭವಿಸಿತು. ಕನ್ನಡದ, ಗುಜರಾತಿಯ ಪರ ನಿಂತವರು ಇಂಗ್ಲಿಷನ್ನು ಹೇಗೆ ಚೆನ್ನಾಗಿ ಕಲಿಸುವುದು ಎಂದು ಯೋಚಿಸಲಿಲ್ಲ. ಇಂಗ್ಲಿಷಿನ ಪರ ನಿಂತವರು ಮಗುವಿಗೆ ಒಂದು ಭಾಷೆ ಆಗಲೇ ಬರುತ್ತದೆ ಎಂಬುದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಎರಡನ್ನೂ ಒಟ್ಟಿಗೆ ಹಿಡಿದವರು ಇರಲಿಲ್ಲವೆಂದಲ್ಲ. ವಿ.ಕೃ. ಗೋಕಾಕರು 1940ರ ದಶಕದಲ್ಲಿ ವಿಸನಗರದ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ವಿಸನಗರ ಆಗ ಬರೋಡಾ ಸಂಸ್ಥಾನಕ್ಕೆ ಸೇರಿತ್ತು, ಈಗ ಮೆಹಸಾಣಾ ಜಿಲ್ಲೆಯಲ್ಲಿದೆ. ಮುಂದೆ ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದೇಶದ ಇಂಗ್ಲಿಷ್ ಶಿಕ್ಷಕರನ್ನು ತರಬೇತುಗೊಳಿಸಿದರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಅದೇ ಗೋಕಾಕರ ವರದಿಯ ಜಾರಿಗಾಗಿ 1982ರಲ್ಲಿ ಕನ್ನಡ ನಾಡು ಬೀದಿಗಿಳಿಯಿತು. ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರ ಹೆಸರು ಕನ್ನಡ ಚಳವಳಿಗೆ ಅಂಟಿತು. ಇದರಲ್ಲಿ ವಿರೋಧಾಭಾಸ ಕಾಣುವವರಿಗೆ ಅವರ ಇಂಗ್ಲಿಷಿನ ಬೇರು ಯಾವ ಮಣ್ಣಿನಲ್ಲಿತ್ತು ಎಂದು ತಿಳಿಯದು.

ವಡೋದರಾದ ಕಡೆಯಿಂದಲೂ ಒಂದು ಹೆಸರು ಹೇಳಬೇಕು. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಗಣೇಶ ದೇವಿ ಆ ಹುದ್ದೆ ಬಿಟ್ಟು 1996ರಲ್ಲಿ ಭಾಷಾ ಸಂಶೋಧನಾ ಕೇಂದ್ರ ಕಟ್ಟಿದರು, ತೇಜಗಢದಲ್ಲಿ ಆದಿವಾಸಿ ಅಕಾಡೆಮಿ ನಡೆಸಿದರು, ಭಾರತದ ಜನಭಾಷೆಗಳ ಸಮೀಕ್ಷೆಯ ಮುಂದಾಳಾದರು. ಕನ್ನಡದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ ಹತ್ಯೆಯ ನಂತರ ಧಾರವಾಡಕ್ಕೆ ಬಂದು ನೆಲೆಸಿದರು.

ಇನ್ನು ಅಹಮದಾಬಾದಿನ ನವಜೀವನ ಪ್ರಕಾಶನ. ಗಾಂಧೀಜಿ ಆತ್ಮಕಥೆಯನ್ನು ಬರೆದದ್ದು ಗುಜರಾತಿಯಲ್ಲಿ. ಇಂಗ್ಲಿಷಿಗೆ ತಂದವರು ಸೂರತ್ ಜಿಲ್ಲೆಯ ಸರಸ ಗ್ರಾಮದಲ್ಲಿ ಹುಟ್ಟಿದ ಮಹಾದೇವ ದೇಸಾಯಿ. ಅನುವಾದವನ್ನು ನವಜೀವನ 1927 ಮತ್ತು 1929ರಲ್ಲಿ ಎರಡು ಸಂಪುಟಗಳಾಗಿ ಹೊರತಂದಿತು. 1940ರ ಎರಡನೆಯ ಆವೃತ್ತಿಗೆ ಮೊದಲು ಇಡೀ ಪುಸ್ತಕದ ಇಂಗ್ಲಿಷನ್ನು ತಿದ್ದಿಸಲಾಯಿತು. ತಿದ್ದಿದವರು ತಮ್ಮ ಹೆಸರು ಹಾಕಬಾರದೆಂಬ ಷರತ್ತು ಇಟ್ಟಿದ್ದರು. ಅವರು ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಎಂದು ಆಮೇಲೆ ತಿಳಿಯಿತು. ಗಾಂಧೀಜಿಯೊಡನೆ ರಾಜಕೀಯದಲ್ಲಿ ಎಷ್ಟೋ ಬಾರಿ ಒಪ್ಪದಿದ್ದ ಆ ವಿದ್ವಾಂಸರು, ಒಬ್ಬ ಅನುವಾದಕನ ಕ್ರಿಯಾಪದಗಳನ್ನು ಕುಳಿತು ತಿದ್ದಿದರು. ಮಹಾದೇವಭಾಯಿ ಅದನ್ನು ಮುನ್ನುಡಿಯಲ್ಲಿ ಕೃತಜ್ಞತೆಯಿಂದ ನೆನೆದರು. ಗುಜರಾತಿಯನ್ನು ಬಿಟ್ಟುಕೊಡದೆಯೇ ಇಂಗ್ಲಿಷಿನ ಶುದ್ಧಿಗೂ ಇಷ್ಟು ಬೆಲೆ ಕೊಟ್ಟ ಊರು ಇದು. 1929ರಲ್ಲಿ ಗುಜರಾತ್ ವಿದ್ಯಾಪೀಠ ಗುಜರಾತಿ ಕಾಗುಣಿತವನ್ನು ನಿಷ್ಕರ್ಷೆ ಮಾಡುವ ಜೋಡಣಿಕೋಶವನ್ನು ಹೊರತಂದದ್ದೂ ಇಲ್ಲಿಯೇ. ಸ್ವಂತ ನುಡಿಯ ಶುದ್ಧಿ, ಪರನುಡಿಯ ಶುದ್ಧಿ ಎರಡೂ ಅವರಿಗೆ ಒಂದೇ ಶಿಸ್ತಿನ ಎರಡು ಕೆಲಸಗಳಾಗಿದ್ದವು.

ಅಲ್ಲಿಂದ ಇಂದಿಗೆ ಬರುತ್ತೇನೆ. ಅಹಮದಾಬಾದಿನ ಸಿ.ಜಿ. ರಸ್ತೆ, ವಡೋದರಾದ ಅಲ್ಕಾಪುರಿ, ಸೂರತ್ತಿನ ಅಡಾಜಣ್ ಯಾವ ಕಡೆ ಹೋದರೂ ಐಇಎಲ್‌ಟಿಎಸ್ ಫಲಕಗಳು. 1989ರಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಕೆನಡಾ 2018ರಿಂದ 2024ರವರೆಗೆ ನಡೆಸಿದ ತ್ವರಿತ ವಿದ್ಯಾರ್ಥಿ ವೀಸಾ ಯೋಜನೆಗೆ ಇದರಲ್ಲಿ 6 ಬ್ಯಾಂಡ್ ಬೇಕಿತ್ತು. ಬರವಣಿಗೆಯ ಭಾಗದಲ್ಲಿ ವ್ಯಾಕರಣಕ್ಕೆ ನಾಲ್ಕನೆಯ ಒಂದು ಪಾಲು ಅಂಕ. ದೂರು, ಕೋರಿಕೆ, ಸಲಹೆಗಳ ಪತ್ರ ಬರೆಯುವುದೂ ಪರೀಕ್ಷೆಯ ಜನರಲ್ ಟ್ರೇನಿಂಗ್ ಬಗೆಯಲ್ಲಿ ಬರುತ್ತದೆ. ಹೀಗಾಗಿ ಸಜೆಸ್ಟ್ ಮತ್ತು ರೆಕಮೆಂಡ್‌ಗಳು ಸಾವಿರಾರು ಮನೆಗಳ ಮಾತಾದವು. ಹೊಲ ಮಾರಿ, ಸಾಲ ಎತ್ತಿ ಮಕ್ಕಳನ್ನು ಕಳಿಸುವ ತಂದೆತಾಯಿಯರ ಆಸೆಯನ್ನು ನಾನು ಗೌರವಿಸುತ್ತೇನೆ. ಕಲಿಸುವ ರೀತಿಯನ್ನು ಗೌರವಿಸಲಾರೆ. ತರಗತಿಯಲ್ಲಿ ಗುಜರಾತಿ ಆಡಕೂಡದೆಂಬ ನಿಯಮ, ಸಿದ್ಧ ವಾಕ್ಯಗಳ ಹಾಳೆ, ವಿಷಯ ಯಾವುದೇ ಬಂದರೂ ತುಂಬಬಹುದಾದ ಮಾದರಿ ಪ್ರಬಂಧ.

2022ರಲ್ಲಿ ಕೆನಡಾದಿಂದ ಅಮೆರಿಕಕ್ಕೆ ದೋಣಿಯಲ್ಲಿ ನದಿ ದಾಟುವಾಗ ಮುಳುಗುತ್ತಿದ್ದ ಯುವಕರನ್ನು ರಕ್ಷಿಸಿ ಬಂಧಿಸಲಾಯಿತು. ಅವರಲ್ಲಿ ನಾಲ್ವರು ಉತ್ತರ ಗುಜರಾತಿನವರು. ಐಇಎಲ್‌ಟಿಎಸ್‌ನಲ್ಲಿ ಉತ್ತಮ ಬ್ಯಾಂಡ್ ಪಡೆದಿದ್ದವರು. ನ್ಯಾಯಾಧೀಶರ ಇಂಗ್ಲಿಷ್ ಪ್ರಶ್ನೆಗೆ ಉತ್ತರಿಸಲಾಗದೆ ಹಿಂದಿ ದುಭಾಷಿಯ ನೆರವು ಬೇಕಾಯಿತು. ಮೆಹಸಾಣಾ ಪೊಲೀಸರು ಪರೀಕ್ಷೆಯ ಅಕ್ರಮದ ತನಿಖೆ ಹಿಡಿದರು. ಮೆಹಸಾಣಾ ಎಂದರೆ ಗೋಕಾಕರು ಕಲಿಸಿದ ವಿಸನಗರದ ಜಿಲ್ಲೆ. ಆ ಹುಡುಗರ ಮೇಲೆ ನನಗೆ ಕೋಪವಿಲ್ಲ. ತಣ್ಣನೆಯ ನದಿಯಲ್ಲಿ ಮುಳುಗುತ್ತಿದ್ದ ಆ ಮಕ್ಕಳಿಗೆ ‘ಭಗವಾನ್ ಭಲುಂ ಕರೇ’ ಎನ್ನುವಷ್ಟು ವ್ಯಾಕರಣ ಹುಟ್ಟಿನಿಂದಲೇ ಬರುತ್ತಿತ್ತು. ಅದರ ಮೇಲೆ ಇಂಗ್ಲಿಷ್ ಕಟ್ಟಿಕೊಡುವವರು ಅವರಿಗೆ ಸಿಗಲಿಲ್ಲ. ಅಂಕ ಕೊಡಿಸುವವರು ಸಿಕ್ಕರು.

ಗುಜರಾತ್ ಸರ್ಕಾರ 2007ರಲ್ಲಿ ಸ್ಕೋಪ್ ಎಂಬ ಸಂಸ್ಥೆ ಮಾಡಿ ಕೇಂಬ್ರಿಜ್ ಪ್ರಮಾಣಪತ್ರದೊಂದಿಗೆ ಇಂಗ್ಲಿಷ್ ಕಲಿಸಲು ಮುಂದಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಯೂ ಕರ್ನಾಟಕದಲ್ಲೂ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಮಗುವಿನ ಮನೆಮಾತಿನ ವ್ಯಾಕರಣಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಆ ಶಿಕ್ಷಕರು ಬಿ.ಎಡ್. ಮುಗಿಸುವ ಹೊತ್ತಿಗೆ ಕನ್ನಡದ ‘ಅಲಿ’ ಪ್ರತ್ಯಯವನ್ನೋ ಗುಜರಾತಿಯ ‘ಛೇ’ಯನ್ನೋ ಇಂಗ್ಲಿಷಿನ ಪಕ್ಕ ಇಟ್ಟು ಒಮ್ಮೆಯಾದರೂ ನೋಡಿರಬೇಕು. ಇದಕ್ಕೆ ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಬೇಡ. ಕನ್ನಡ ಮೇಷ್ಟ್ರೂ ಇಂಗ್ಲಿಷ್ ಮೇಷ್ಟ್ರೂ ವಾರಕ್ಕೊಮ್ಮೆ ಒಂದೇ ತರಗತಿಯಲ್ಲಿ ಒಟ್ಟಿಗೆ ನಿಂತರೆ ಸಾಕು.

ನಿಮ್ಮಲ್ಲಿ ಹಲವರ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಗುಜರಾತಿ, ಟಿವಿಯ ಮುಂದೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತ ಬೆಳೆಯುತ್ತಿದ್ದಾರೆ. ಹೊರೆ ಹೆಚ್ಚಾಯಿತೆಂದು ಕನ್ನಡವನ್ನು ಮೊದಲು ಕೈಬಿಡುವ ತಂದೆತಾಯಿಯರನ್ನು ನಾನು ಈ ಮೂರೂ ನಗರಗಳಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮಗಳು ‘ಅಜ್ಜಿ ಬೇಗ ಗುಣವಾಗಲಿ’ ಎನ್ನುವಾಗ ಇಂಗ್ಲಿಷಿನ ಅತ್ಯಂತ ತೊಡಕಿನ ರೂಪವೊಂದನ್ನು ಆಗಲೇ ಕಲಿತಿದ್ದಾಳೆ. ಅದನ್ನು ಅವಳಿಗೆ ತೋರಿಸಿಕೊಡುವವರು ಬೇಕು, ಅಷ್ಟೆ. ನಿಮ್ಮ ಸಂಘಗಳಲ್ಲಿ ಭಾನುವಾರದ ಕನ್ನಡ ತರಗತಿ ನಡೆಯುತ್ತಿದ್ದರೆ ಅಲ್ಲಿಗೆ ಒಬ್ಬ ಇಂಗ್ಲಿಷ್ ಶಿಕ್ಷಕರನ್ನೂ ಒಬ್ಬ ಗುಜರಾತಿ ಶಿಕ್ಷಕರನ್ನೂ ಕರೆಯಿರಿ. ನಡೆಯುತ್ತಿಲ್ಲವಾದರೆ ಬರುವ ಬೇಸಿಗೆ ರಜೆಯಲ್ಲೇ ಶುರುಮಾಡಿ. ಪಾಠಗಳನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.